ಕಿಟ್ಟೆಲ್ ಕೊನೆಯುಸಿರೆಳೆದ ಊರು: ಟ್ಯೂಬಿಂಗನ್ ನೋಡ ಹೊರಟವರಿಗೆ

ಜರ್ಮನಿಗೆ ಹೊರಟ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಸ್ಟುಟ್‌ಗಾರ್ಟ್‌ನಲ್ಲಿ ಅರ್ಧ ದಿನ ಬಿಡುವಿದೆ, ಟ್ಯೂಬಿಂಗನ್‌ಗೆ ಹೋಗಿ ಬರಬಹುದೇ? ನಿಘಂಟಿನ ಕಿಟ್ಟೆಲ್ ಅವರ ಊರಂತೆ, ಅಲ್ಲಿ ಏನೇನಿದೆ?" ಹೋಗಿ ಬರಬಹುದು, ಆದರೆ ಅರ್ಧ ದಿನದಲ್ಲಿ ನೀವು ನೋಡುವುದು ನದಿಯ ದಡದ ಬಣ್ಣದ ಮನೆಗಳನ್ನು ಮಾತ್ರ. ಎರಡು ರಾತ್ರಿ ಉಳಿಯಿರಿ ಎಂಬುದು ನನ್ನ ಖಚಿತ ಸಲಹೆ. ಕನ್ನಡ ಓದಬಲ್ಲವರಿಗೆ ಈ ಊರಿನಲ್ಲಿ ಬೇರೆ ಪ್ರವಾಸಿಗರಿಗೆ ಕಾಣದ ಒಂದು ಜಾಡು ಇದೆ. ಅದನ್ನು ಹಿಡಿಯಲು ನಿಧಾನವಾಗಿ ನಡೆಯಬೇಕು.

ಹೊರಡುವ ಮೊದಲು: ಊರಿನ ನಕ್ಷೆ ಮನಸ್ಸಿನಲ್ಲಿರಲಿ

ಟ್ಯೂಬಿಂಗನ್ ಇರುವುದು ಜರ್ಮನಿಯ ನೈಋತ್ಯದ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ, ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ. ಜನಸಂಖ್ಯೆ 90 ಸಾವಿರದ ಆಸುಪಾಸು. ಇಪ್ಪತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನರಿರುವ ಊರನ್ನು ಜರ್ಮನರು ‘ಮಿಟ್ಟಲ್‌ಷ್ಟಾಟ್’, ಅಂದರೆ ಮಧ್ಯಮ ನಗರ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಇದು ಒಂದು ದೊಡ್ಡ ತಾಲ್ಲೂಕು ಕೇಂದ್ರದಷ್ಟೇ. ಆದರೆ ಇಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಸುಮಾರು 28 ಸಾವಿರ. ಊರಿನ ಅಧಿಕೃತ ಬಿರುದು ಕೂಡ ‘ವಿಶ್ವವಿದ್ಯಾಲಯ ನಗರ’ ಎಂದೇ. ವಿಶ್ವವಿದ್ಯಾಲಯ ಊರಿನೊಳಗೆ ಇಲ್ಲ, ಊರೇ ವಿಶ್ವವಿದ್ಯಾಲಯದೊಳಗೆ ಇದೆ ಎಂದರೆ ಹೆಚ್ಚೇನಲ್ಲ.

ಮನಸ್ಸಿನಲ್ಲಿ ಮೂರು ನೀರಿನ ಗೆರೆಗಳನ್ನು ಎಳೆದುಕೊಳ್ಳಿ. ದೊಡ್ಡದು ನೆಕಾರ್. ಕಪ್ಪು ಅರಣ್ಯದ ಅಂಚಿನಲ್ಲಿ ಹುಟ್ಟಿ ಮಾನ್‌ಹೈಮ್‌ನಲ್ಲಿ ರೈನ್ ನದಿಯನ್ನು ಸೇರುವ ನದಿ ಇದು. ಉತ್ತರದ ಕಡೆಗೆ ಆಮರ್ ಎಂಬ ಚಿಕ್ಕ ಹೊಳೆ, ದಕ್ಷಿಣದಿಂದ ಬರುವುದು ಷ್ಟೈನ್‌ಲಾಖ್. ಹಳೆಯ ಪೇಟೆ ಕುಳಿತಿರುವುದು ನೆಕಾರ್ ಮತ್ತು ಆಮರ್ ನಡುವಿನ ದಿಣ್ಣೆಯ ಮೇಲೆ. ಪಶ್ಚಿಮದ ತುದಿಯಲ್ಲಿ ಕೋಟೆಯ ಗುಡ್ಡ, ಪೂರ್ವಕ್ಕೆ ಓಸ್ಟರ್‌ಬರ್ಗ್ ಗುಡ್ಡ. ರೈಲು ನಿಲ್ದಾಣ ನದಿಯ ದಕ್ಷಿಣ ದಡದಲ್ಲಿದೆ. ಆಸ್ಪತ್ರೆಗಳು ಮತ್ತು ವಿಜ್ಞಾನ ವಿಭಾಗಗಳು ಉತ್ತರದ ಎತ್ತರಗಳಲ್ಲಿವೆ. ಅವುಗಳ ಹಿಂದೆ ಷೋನ್‌ಬುಖ್ ಎಂಬ ದೊಡ್ಡ ಕಾಡು. ಆಗ್ನೇಯ ದಿಗಂತದಲ್ಲಿ ನೀಲಿ ಗೋಡೆಯಂತೆ ಕಾಣುವುದು ಶ್ವಾಬಿಯನ್ ಆಲ್ಬ್, ಸುಣ್ಣಕಲ್ಲಿನ ಪ್ರಸ್ಥಭೂಮಿ. ಇಷ್ಟು ತಿಳಿದಿದ್ದರೆ ಈ ಊರಿನಲ್ಲಿ ದಾರಿ ತಪ್ಪುವುದಿಲ್ಲ.

ಎಚ್ಚರಿಕೆ: ಹಳೆಯ ಪೇಟೆಯಲ್ಲಿ ಸಮತಟ್ಟಾದ ಬೀದಿ ಕಡಿಮೆ. ಕಲ್ಲು ಹಾಸಿನ ಇಳಿಜಾರು, ಮೆಟ್ಟಿಲು, ಮತ್ತೆ ಇಳಿಜಾರು. ಮೊಣಕಾಲು ನೋವಿನ ಹಿರಿಯರನ್ನು ಕರೆತರುವವರು ನಿಲ್ದಾಣದ ಬಳಿಯೇ ವಸತಿ ಹಿಡಿಯಿರಿ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಮಾರುಕಟ್ಟೆ ಚೌಕಕ್ಕೆ ಹತ್ತುವ ಸಾಹಸ ಬೇಡ.

1. ಕಾಲ ಮತ್ತು ಕಾಗದಪತ್ರ

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬರುವುದು ಒಳ್ಳೆಯದು. ನದಿಯಲ್ಲಿ ದೋಣಿಗಳು ಓಡಾಡುತ್ತವೆ, ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು.

ಪ್ರವಾಸಕ್ಕೆ ಬೇಕಾದದ್ದು ಷೆಂಗೆನ್ ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಈ ಪರವಾನಗಿಯಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅನೇಕರು ಪ್ರಯಾಣಕ್ಕೆ ಮೂರು ವಾರ ಇರುವಾಗ ಅರ್ಜಿ ಹಾಕಲು ಹೋಗುತ್ತಾರೆ. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ದಿನಾಂಕ ಸಿಗುವುದೇ ಕಷ್ಟ. ಆರು ತಿಂಗಳು ಮೊದಲೇ ಅರ್ಜಿ ಹಾಕಲು ನಿಯಮ ಬಿಡುತ್ತದೆ, ಆ ಅವಕಾಶವನ್ನು ಬಳಸಿಕೊಳ್ಳಿ.

2. ತಲುಪುವುದು

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ವಿಮಾನ ನಿಲ್ದಾಣದಲ್ಲಿಯೇ ರೈಲು ಹತ್ತಿ ಸ್ಟುಟ್‌ಗಾರ್ಟ್‌ಗೆ ಬನ್ನಿ. ವೇಗದ ರೈಲಾದರೆ ಒಂದೂಕಾಲು ಗಂಟೆಯಷ್ಟು ಹಾದಿ. ಅಲ್ಲಿಂದ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ. ಸ್ಟುಟ್‌ಗಾರ್ಟ್ ವಿಮಾನ ನಿಲ್ದಾಣದಲ್ಲೇ ಇಳಿಯುವವರಿಗೆ ಟ್ಯೂಬಿಂಗನ್‌ಗೆ ನೇರ ಬಸ್ ಇದೆ, ನಗರದೊಳಗೆ ಹೋಗುವ ಅಗತ್ಯವೇ ಇಲ್ಲ.

ಈ ಹಂತದಲ್ಲಿ ಜನ ಎಡವುವುದು ಮೂರು ಕಡೆ.

ಮೊದಲನೆಯದು, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ, ಒಂದು ದೂರದ ರೈಲುಗಳಿಗೆ, ಇನ್ನೊಂದು ಸ್ಥಳೀಯ ರೈಲುಗಳಿಗೆ. ಟಿಕೆಟ್‌ನಲ್ಲಿ ‘ಫರ್ನ್‌ಬಾನ್‌ಹೋಫ್’ ಎಂದಿದ್ದರೆ ಅದು ದೂರದ ರೈಲಿನ ನಿಲ್ದಾಣ.

ಎರಡನೆಯದು ಟಿಕೆಟ್ ಬಗೆ. ‘ಷ್ಪಾರ್‌ಪ್ರೈಸ್’ ಎಂಬ ಅಗ್ಗದ ಟಿಕೆಟ್ ಸಾಮಾನ್ಯವಾಗಿ ಅದೇ ರೈಲಿಗೆ ಮಾತ್ರ ನಡೆಯುತ್ತದೆ. ವಿಮಾನ ತಡವಾಗಿ ಇಳಿದರೆ ಆ ಹಣ ಹೋಯಿತು. ಬಂದಿಳಿಯುವ ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಯಾವ ರೈಲಿಗಾದರೂ ನಡೆಯುವ ಟಿಕೆಟ್ ಕೊಳ್ಳಿ. ‘ಡಾಯ್ಚ್‌ಲಾಂಟ್ ಟಿಕೆಟ್’ ಎಂಬ ತಿಂಗಳ ಪಾಸ್ ದೇಶದಾದ್ಯಂತ ಪ್ರಾದೇಶಿಕ ರೈಲು ಮತ್ತು ಊರ ಬಸ್‌ಗಳಲ್ಲಿ ನಡೆಯುತ್ತದೆ, ಆದರೆ ಐಸಿಇ ಎಂಬ ವೇಗದ ರೈಲಿನಲ್ಲಿ ನಡೆಯುವುದಿಲ್ಲ. ಅದು ಚಂದಾ ಪದ್ಧತಿಯ ಪಾಸ್ ಎಂಬುದನ್ನೂ ಮರೆಯಬೇಡಿ. ಬಳಸುತ್ತಿರುವ ತಿಂಗಳ ಹತ್ತನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ. ಎರಡು ದಿನಕ್ಕೆ ಬರುವ ಕುಟುಂಬಕ್ಕೆ ರಾಜ್ಯದ ದಿನದ ಟಿಕೆಟ್ ಮೇಲು. ಅದು ವಾರದ ದಿನಗಳಲ್ಲಿ ಬೆಳಗಿನ ಒಂಬತ್ತರ ನಂತರವೇ ಚಾಲ್ತಿಗೆ ಬರುತ್ತದೆ.

ಮೂರನೆಯದು, ಸ್ಟುಟ್‌ಗಾರ್ಟ್‌ನ ಮುಖ್ಯ ನಿಲ್ದಾಣದಲ್ಲಿ ವರ್ಷಗಟ್ಟಲೆಯಿಂದ ದೊಡ್ಡ ಕಾಮಗಾರಿ ನಡೆದಿದೆ. ಸುತ್ತು ದಾರಿಗಳು ಉದ್ದ. ರೈಲು ಬದಲಿಸಲು ಅರ್ಧ ಗಂಟೆಯಾದರೂ ಇಟ್ಟುಕೊಳ್ಳಿ.

3. ನೆಕಾರ್ ಸೇತುವೆಯಿಂದ ಆರಂಭಿಸಿ

ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ನೆಕಾರ್ ಸೇತುವೆ. ಪ್ರವಾಸಿ ಮಾಹಿತಿ ಕೇಂದ್ರವೂ ಇಲ್ಲೇ ಇದೆ, ನಕ್ಷೆ ಪಡೆಯಿರಿ. ನಂತರ ಸೇತುವೆಯ ಮಧ್ಯದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬಲಕ್ಕೆ ನೀರಿನಿಂದಲೇ ಎದ್ದಂತಿರುವ ಮನೆಗಳ ಸಾಲು, ಅವುಗಳ ಮೇಲೆ ಚರ್ಚ್‌ನ ಗೋಪುರ. ಎಡಕ್ಕೆ ನದಿಯ ನಡುವಿನ ಉದ್ದನೆಯ ದ್ವೀಪ, ಅದರ ಮೇಲೆ ಎತ್ತರದ ಪ್ಲಾಟೇನ್ ಮರಗಳ ಸಾಲುದಾರಿ. ಮನೆಗಳ ಸಾಲು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆಯಿಂದ ಸಂಜೆಯವರೆಗೂ ಅದಕ್ಕೆ ಬಿಸಿಲು ಬೀಳುತ್ತದೆ. ಚಿತ್ರ ತೆಗೆಯುವ ಆತುರ ಬೇಡ. ಮೆಟ್ಟಿಲಿಳಿದು ದ್ವೀಪದ ಮರಗಳ ಕೆಳಗೆ ನಡೆಯಿರಿ, ಎದುರು ದಡ ಪೂರ್ತಿಯಾಗಿ ಕಾಣುವುದು ಅಲ್ಲಿಂದ.

ಆ ಸಾಲಿನಲ್ಲಿ ದುಂಡಗಿನ ಹಳದಿ ಗೋಪುರವೊಂದಿದೆ. ಕವಿ ಫ್ರೀಡ್ರಿಖ್ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ತೀರಿಕೊಳ್ಳುವವರೆಗೆ, 36 ವರ್ಷ ಬದುಕಿದ್ದು ಅಲ್ಲಿ. ಮನಸ್ಸು ಕದಡಿದವರೆಂದು ಆಸ್ಪತ್ರೆ ಕೈಬಿಟ್ಟಿದ್ದ ಅವರನ್ನು ಮನೆಗೆ ಕರೆತಂದು ನೋಡಿಕೊಂಡವರು ಎರ್ನ್ಸ್ಟ್ ಜಿಮ್ಮರ್ ಎಂಬ ಬಡಗಿ. ಕವಿಗೆ ಚಿಕಿತ್ಸೆ ನೀಡಿದ ಆಸ್ಪತ್ರೆ ಇದ್ದ ಕಟ್ಟಡ ಗೋಪುರದ ಹಿಂದಿನ ಬೀದಿಯಲ್ಲೇ ಇದೆ. ಗೋಪುರ ಈಗ ವಸ್ತುಸಂಗ್ರಹಾಲಯ. ಒಳಗಿನ ಕಿಟಕಿಯಿಂದ ನದಿಯನ್ನು ಒಮ್ಮೆ ನೋಡಿ.

ನದಿಯಲ್ಲಿ ಕಾಣುವ ಚಪ್ಪಟೆ ತಳದ ಉದ್ದ ದೋಣಿಗಳಿಗೆ ‘ಷ್ಟೋಖರ್‌ಕಾನ್’ ಎಂದು ಹೆಸರು. ಹಿಂಬದಿಯಲ್ಲಿ ನಿಂತವರು ಉದ್ದನೆಯ ಗಳುವನ್ನು ನದಿಯ ತಳಕ್ಕೆ ಊರಿ ನೂಕುತ್ತಾರೆ, ನಮ್ಮ ಹಿನ್ನೀರಿನ ದೋಣಿಗಳಂತೆಯೇ. ಕಾರ್ಪಸ್ ಕ್ರಿಸ್ಟಿ ಹಬ್ಬದ ಗುರುವಾರ, ಅಂದರೆ ಈಸ್ಟರ್ ಕಳೆದು 60ನೆಯ ದಿನ, ವಿದ್ಯಾರ್ಥಿಗಳ ದೋಣಿ ಪಂದ್ಯ ನಡೆಯುತ್ತದೆ. ಸೋತ ತಂಡದವರು ಮೀನೆಣ್ಣೆ ಕುಡಿಯಬೇಕು. ಅಂದು ದಡದಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಪಂದ್ಯ ನೋಡುವ ಆಸೆಯಿಲ್ಲದವರು ಆ ದಿನ ಬಿಟ್ಟು ಬನ್ನಿ.

4. ಷ್ಟಿಫ್ಟ್: ಕನ್ನಡದ ಜಾಡು ಇಲ್ಲಿದೆ

ಹೆಚ್ಚಿನ ಪ್ರವಾಸಿಗರು ದಾಟಿ ಹೋಗುವ ಈ ಕಟ್ಟಡದ ಎದುರು ನೀವು ಮಾತ್ರ ನಿಲ್ಲಲೇಬೇಕು. ಗೋಪುರದಿಂದ ಪಶ್ಚಿಮಕ್ಕೆ ಕೆಲವೇ ನಿಮಿಷ ನಡೆದರೆ ಎವಾಂಗೆಲಿಷಸ್ ಷ್ಟಿಫ್ಟ್ ಸಿಗುತ್ತದೆ. 1536ರಲ್ಲಿ ಆರಂಭವಾದ, ಹಳೆಯ ಸನ್ಯಾಸಿ ಮಠವೊಂದರಲ್ಲಿರುವ, ಪ್ರಾಟೆಸ್ಟೆಂಟ್ ಪಾದ್ರಿಗಳಾಗಲು ಓದುವವರ ವಿದ್ಯಾರ್ಥಿನಿಲಯ ಇದು. ಗ್ರಹಗಳ ಚಲನೆಯ ನಿಯಮ ಕಂಡ ಯೊಹಾನೆಸ್ ಕೆಪ್ಲರ್ ಇಲ್ಲಿ ಓದಿದರು. ದಾರ್ಶನಿಕರಾದ ಹೆಗೆಲ್ ಮತ್ತು ಷೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಇಲ್ಲಿ ಒಂದೇ ಕೋಣೆಯ ಗೆಳೆಯರು.

ಹರ್ಮನ್ ಮೋಗ್ಲಿಂಗ್ ಕೂಡ ಇಲ್ಲೇ ಓದಿದವರು. 1836ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಮಂಗಳೂರಿಗೆ ಬಂದು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಕನ್ನಡ ಪತ್ರಿಕೋದ್ಯಮದ ಮೊದಲ ಹೆಜ್ಜೆ ಇಟ್ಟ ಮನುಷ್ಯ ಗ್ರೀಕ್, ಹೀಬ್ರೂ ಕಲಿತದ್ದು ಈ ಗೋಡೆಗಳ ನಡುವೆ ಎಂದು ನೆನೆದಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ. ಮಲಯಾಳ ನಿಘಂಟು ರಚಿಸಿದ ಹರ್ಮನ್ ಗುಂಡರ್ಟ್ ಸಹ ಈ ಷ್ಟಿಫ್ಟ್‌ನ ವಿದ್ಯಾರ್ಥಿಯೇ.

ಇನ್ನು ಕಿಟ್ಟೆಲ್. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಫರ್ಡಿನಾಂಡ್ ಕಿಟ್ಟೆಲ್ ಟ್ಯೂಬಿಂಗನ್‌ನಲ್ಲಿ ಹುಟ್ಟಿದವರೂ ಅಲ್ಲ, ಓದಿದವರೂ ಅಲ್ಲ. 1832ರಲ್ಲಿ ಅವರು ಹುಟ್ಟಿದ್ದು ದೇಶದ ವಾಯವ್ಯ ತುದಿಯ ಪೂರ್ವ ಫ್ರೀಸ್ಲಾಂಡ್‌ನಲ್ಲಿ. ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 1853ರಲ್ಲಿ ಭಾರತಕ್ಕೆ ಬಂದರು. ಸುಮಾರು 70 ಸಾವಿರ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎರಡು ವರ್ಷಗಳ ನಂತರ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಈ ಊರಿನಲ್ಲಿ. 1903ರ ಡಿಸೆಂಬರ್ 18ರಂದು ತೀರಿಕೊಂಡದ್ದೂ ಇಲ್ಲೇ.

ಎಚ್ಚರಿಕೆ: ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿರುವಂಥ ಕಿಟ್ಟೆಲ್ ಪ್ರತಿಮೆಯನ್ನು ಇಲ್ಲಿ ನಿರೀಕ್ಷಿಸಿ ಬರಬೇಡಿ. ಷ್ಟಿಫ್ಟ್ ವಸ್ತುಸಂಗ್ರಹಾಲಯವಲ್ಲ, ಇಂದಿಗೂ ವಿದ್ಯಾರ್ಥಿಗಳು ವಾಸಿಸುವ ಮನೆ. ಬಾಗಿಲು ತೆರೆದಿದ್ದರೆ ಅಂಗಳವನ್ನು ಸದ್ದಿಲ್ಲದೆ ನೋಡಿ ಬನ್ನಿ. ಸಂಶೋಧನೆಗೆಂದು ಬರುವವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮೊದಲೇ ಬರೆದು ಅನುಮತಿ ಪಡೆಯಬೇಕು. ಗುಂಡರ್ಟ್ ಅವರ ಸಂಗ್ರಹ ಅಲ್ಲಿದೆ. ಅದರಲ್ಲಿ ಮಲಯಾಳದ ಜೊತೆಗೆ ಕನ್ನಡ ಮುದ್ರಣಗಳೂ ಇವೆ, ಬಹುಪಾಲು ಅಂತರಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಬಾಸೆಲ್ ಮಿಷನ್‌ನ ಪತ್ರಾಗಾರ ಮಾತ್ರ ಇರುವುದು ಬಾಸೆಲ್‌ನಲ್ಲಿ. ಇವೆರಡನ್ನೂ ಗೊಂದಲ ಮಾಡಿಕೊಂಡು ಬಂದು ಬರಿಗೈಯಲ್ಲಿ ಮರಳುವುದು ಬೇಡ.

5. ಮೇಲಿನ ಪೇಟೆ, ಕೆಳಗಿನ ಪೇಟೆ

ಷ್ಟಿಫ್ಟ್‌ನಿಂದ ಮೇಲೇರಿ ಹೋಲ್ಜ್‌ಮಾರ್ಕ್ಟ್‌ಗೆ ಬನ್ನಿ. ಹೆಸರಿನ ಅರ್ಥ ಸೌದೆ ಸಂತೆ. ಎದುರಿಗಿರುವುದು 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಷ್ಟಿಫ್ಟ್ಸ್‌ಕಿರ್ಖೆ ಚರ್ಚ್. ವುರ್ಟೆಂಬರ್ಗ್‌ನ ಅರಸರ ಸಮಾಧಿಗಳು ಒಳಗಿವೆ. 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ, ಗಡ್ಡದ ಎಬರ್‌ಹಾರ್ಡ್ ಎಂದು ಕರೆಯಲ್ಪಡುವ ದೊರೆಯ ಸಮಾಧಿಯೂ ಅಲ್ಲಿದೆ. ಅದೇ ದೊರೆ ಅದೇ ವರ್ಷ ಯೆಹೂದಿಗಳನ್ನು ಊರಿನಿಂದ ಹೊರಹಾಕಿದ. ಬಹಳ ಕಾಲದ ನಂತರ ಮರಳಿದವರು ಗಾರ್ಟನ್ ಬೀದಿಯಲ್ಲಿ ಕಟ್ಟಿದ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರವನ್ನು 1938ರ ನವೆಂಬರ್‌ನಲ್ಲಿ ನಾಜಿಗಳು ಸುಟ್ಟರು. ಆ ಜಾಗದಲ್ಲಿ ಇಂದು ಸ್ಮಾರಕವಿದೆ. ಊರಿನ ಅಂದವನ್ನಷ್ಟೇ ನೋಡಿ ಹೋಗದೆ ಅಲ್ಲಿಯೂ ಹತ್ತು ನಿಮಿಷ ನಿಲ್ಲಿ.

ಚರ್ಚ್‌ನ ಎದುರಿನ ಹಳೆಯ ಪುಸ್ತಕದಂಗಡಿಯಲ್ಲಿ 1895ರಿಂದ 1899ರವರೆಗೆ ಕೆಲಸ ಕಲಿತ ಹುಡುಗ ಹರ್ಮನ್ ಹೆಸ್ಸೆ. ಮುಂದೆ ನೊಬೆಲ್ ಪಡೆದ ಈ ಲೇಖಕ ಗುಂಡರ್ಟ್ ಅವರ ಮಗಳ ಮಗ. ತಾಯಿ ಹುಟ್ಟಿದ್ದು ಮಲಬಾರಿನ ತಲಶ್ಶೇರಿಯಲ್ಲಿ. ಷ್ಟಿಫ್ಟ್‌ನಿಂದ ಹೊರಟ ಅಜ್ಜ ಮಲಬಾರಿಗೆ ಹೋದರು, ಮೊಮ್ಮಗ ಷ್ಟಿಫ್ಟ್‌ನಿಂದ ಕೂಗಳತೆಯ ಅಂಗಡಿಗೆ ಬಂದು ಸೇರಿದ.

ಮಾರುಕಟ್ಟೆ ಚೌಕದಲ್ಲಿ 1435ರ ಪುರಭವನ. ಅದರ ಮುಖದ ಮೇಲಿನ ಖಗೋಳ ಗಡಿಯಾರ 1511ರದ್ದು, ರೂಪಿಸಿದವರು ಪ್ರಾಧ್ಯಾಪಕ ಯೊಹಾನೆಸ್ ಷ್ಟೋಫ್ಲರ್. ಅಲ್ಲಿಂದ ಉತ್ತರಕ್ಕೆ ಇಳಿದರೆ ಕೆಳಪೇಟೆ. ಮೇಲೆ ಪಂಡಿತರು ಬಾಳಿದರೆ ಕೆಳಗೆ ದ್ರಾಕ್ಷಿ ಬೆಳೆಗಾರರು ಬಾಳಿದರು. ಒರಟು ಮಾತಿಗೆ ಹೆಸರಾದ ಇವರಿಗೆ ‘ಗೋಗನ್’ ಎಂಬ ಅಡ್ಡಹೆಸರು. ಮರದ ಚೌಕಟ್ಟಿನ ಅವರ ಮನೆಗಳು ಚಿಕ್ಕವು, ನೆಲಮಾಳಿಗೆಯ ಬಾಗಿಲುಗಳು ಬೀದಿಗೇ ತೆರೆದುಕೊಳ್ಳುತ್ತವೆ, ಪಕ್ಕದಲ್ಲಿ ಆಮರ್ ಕಾಲುವೆ ಹರಿಯುತ್ತದೆ. ನನಗೆ ಮೇಲಿನ ಪೇಟೆಗಿಂತ ಇದೇ ಹೆಚ್ಚು ಇಷ್ಟ. ಎರಡನೇ ಮಹಾಯುದ್ಧದಲ್ಲಿ ಹೆಚ್ಚು ಬಾಂಬ್ ಬೀಳದಿದ್ದರಿಂದ ಇಷ್ಟೆಲ್ಲ ಉಳಿದಿದೆ.

6. ಕೋಟೆಗೆ ಎರಡು ಗಂಟೆ ಮೀಸಲಿಡಿ

ಹೊಹೆನ್‌ಟ್ಯೂಬಿಂಗನ್ ಕೋಟೆಗೆ ಜನ ಹತ್ತುವುದು ನೋಟಕ್ಕಾಗಿ. ಆದರೆ ನಿಜವಾದ ಸಂಪತ್ತು ಒಳಗಿದೆ. ಇಲ್ಲಿನ ಸಂಗ್ರಹಾಲಯದಲ್ಲಿ ಮ್ಯಾಮತ್ ಎಂಬ ಮಹಾಗಜದ ದಂತದಿಂದ ಕೆತ್ತಿದ ಪುಟ್ಟ ಪ್ರಾಣಿಗಳಿವೆ. ಆಲ್ಬ್ ಪ್ರದೇಶದ ಫೋಗಲ್‌ಹೆರ್ಡ್ ಗವಿಯಲ್ಲಿ 1931ರಲ್ಲಿ ಸಿಕ್ಕ ಇವು ಸುಮಾರು 40 ಸಾವಿರ ವರ್ಷ ಹಳೆಯವು, ಮನುಷ್ಯ ರೂಪಿಸಿದ ಅತಿ ಪ್ರಾಚೀನ ಶಿಲ್ಪಗಳ ಸಾಲಿನವು. ಕುದುರೆ ಐದು ಸೆಂಟಿಮೀಟರ್‌ಗೂ ಕಡಿಮೆ, ಕತ್ತಿನ ಬಾಗು ಮಾತ್ರ ಜೀವಂತ. ಆ ಗವಿಗಳು 2017ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ಕೋಟೆಯ ಹಳೆಯ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣ, ಆಸ್ಪತ್ರೆಯಿಂದ ತಂದ ಬ್ಯಾಂಡೇಜ್‌ಗಳ ಕೀವಿನಿಂದ ಜೀವಕೋಶ ಬೇರ್ಪಡಿಸಿ, ಅದರ ಕೇಂದ್ರದಲ್ಲಿದ್ದ ಹೊಸ ವಸ್ತುವೊಂದನ್ನು ಕಂಡು ‘ನ್ಯೂಕ್ಲೀನ್’ ಎಂದು ಹೆಸರಿಟ್ಟ. ಇಂದು ಶಾಲಾ ಮಕ್ಕಳೂ ಬಲ್ಲ ಡಿಎನ್ಎ ಅದು. ಮಕ್ಕಳನ್ನು ಕರೆತಂದಿದ್ದರೆ ಈ ಅಡುಗೆಮನೆಯನ್ನು ತಪ್ಪಿಸಬೇಡಿ. ಸಂಗ್ರಹಾಲಯಕ್ಕೆ ವಾರದ ಆರಂಭದಲ್ಲಿ ರಜೆ ಇರುತ್ತದೆ, ಹಿಂದಿನ ದಿನವೇ ವೇಳೆ ನೋಡಿಕೊಳ್ಳಿ.

7. ಎರಡನೇ ದಿನ ಊರಾಚೆಗೆ

ಎರಡು ದಾರಿಗಳಿವೆ, ಒಂದನ್ನು ಆರಿಸಿಕೊಳ್ಳಿ. ನಡೆಯಬಲ್ಲವರು ಕೋಟೆಯ ಹಿಂದಿನಿಂದ ಷ್ಪಿಟ್ಸ್‌ಬರ್ಗ್ ಗುಡ್ಡದ ನೆತ್ತಿಯ ಮೇಲೆ ಪಶ್ಚಿಮಕ್ಕೆ ಸಾಗಿ. ಸುಮಾರು ಎರಡು ಗಂಟೆಯ ನಡಿಗೆಯ ನಂತರ ದ್ರಾಕ್ಷಿ ತೋಟಗಳ ನಡುವಿನ ಒಂಟಿ ಗುಡ್ಡದ ಮೇಲೆ ವುರ್ಮ್‌ಲಿಂಗನ್ ಚಾಪೆಲ್ ಎಂಬ ಪುಟ್ಟ ಚರ್ಚ್ ಸಿಗುತ್ತದೆ. ಟ್ಯೂಬಿಂಗನ್‌ನ ಕವಿ ಲುಡ್ವಿಗ್ ಊಲಾಂಡ್ ಹಾಡಿದ ಚಾಪೆಲ್ ಇದೇ. ದಾರಿಯಲ್ಲಿ ಅಂಗಡಿಗಳಿಲ್ಲ, ನೀರು ಜೊತೆಯಲ್ಲಿರಲಿ.

ಹಿರಿಯರಿದ್ದರೆ ಬಸ್ ಹತ್ತಿ ಉತ್ತರಕ್ಕೆ ಐದಾರು ಕಿಲೋಮೀಟರ್ ದೂರದ ಬೆಬೆನ್‌ಹೌಸನ್‌ಗೆ ಹೋಗಿ. ಷೋನ್‌ಬುಖ್ ಕಾಡಿನ ಅಂಚಿನಲ್ಲಿ 12ನೇ ಶತಮಾನದಲ್ಲಿ ಎದ್ದ ಮಠ. ವುರ್ಟೆಂಬರ್ಗ್‌ನ ಕೊನೆಯ ದೊರೆ ಎರಡನೇ ವಿಲ್‌ಹೆಲ್ಮ್ 1918ರಲ್ಲಿ ಸಿಂಹಾಸನ ಬಿಟ್ಟ ಮೇಲೆ 1921ರಲ್ಲಿ ಸಾಯುವವರೆಗೆ ವಾಸಿಸಿದ್ದು ಇಲ್ಲಿ. ಎರಡನೇ ಮಹಾಯುದ್ಧದ ನಂತರ ಫ್ರೆಂಚರ ಹಿಡಿತದಲ್ಲಿದ್ದ ಈ ಸೀಮೆ ಪ್ರತ್ಯೇಕ ಪುಟ್ಟ ರಾಜ್ಯವಾಗಿತ್ತು. ಟ್ಯೂಬಿಂಗನ್ ಅದರ ರಾಜಧಾನಿ, 1952ರವರೆಗೆ ಅದರ ಶಾಸನಸಭೆ ಸೇರುತ್ತಿದ್ದದ್ದು ಈ ಮಠದಲ್ಲಿ.

8. ಊಟದ ವಿಷಯ

ಸಸ್ಯಾಹಾರಿಗಳು ಈ ಭಾಗವನ್ನು ಎರಡು ಬಾರಿ ಓದಿ. ಇಲ್ಲಿನದು ಶ್ವಾಬಿಯನ್ ಅಡುಗೆ. ‘ಕೇಸ್‌ಷ್ಪೆಟ್ಸ್‌ಲೆ’ ಎಂಬ ಚೀಸ್ ಬೆರೆಸಿದ ಹಿಟ್ಟಿನ ತುಣುಕುಗಳು ಮಾಂಸವಿಲ್ಲದ ಊಟ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿಯೇ ಕಲಸಿರುತ್ತಾರೆ. ‘ಮೌಲ್‌ಟಾಷನ್’ ನೋಡಲು ಕಡುಬಿನಂತಿದ್ದರೂ ಹೂರಣ ಸಾಮಾನ್ಯವಾಗಿ ಮಾಂಸದ್ದು. ಬೇಳೆಯ ಊಟ ಸಿಕ್ಕಿತೆಂದು ಹಿಗ್ಗಬೇಡಿ, ಅದರ ಜೊತೆ ಸಾಸೇಜ್ ಬರುತ್ತದೆ, ಬೇಳೆಯೊಳಗೂ ಹಂದಿಯ ಕೊಬ್ಬು ಇರಬಹುದು. ಎಲ್ಲರೂ ಮೋಸಹೋಗುವುದು ಆಲೂಗಡ್ಡೆಯ ಸಲಾಡ್‌ನಲ್ಲಿ: ಈ ಸೀಮೆಯಲ್ಲಿ ಅದನ್ನು ಮಾಂಸದ ಸಾರಿನಲ್ಲಿ ಕಲಸುವ ರೂಢಿ. ‘ಓನೆ ಫ್ಲೈಷ್, ಓನೆ ಷ್ಪೆಕ್, ಓನೆ ಫ್ಲೈಷ್‌ಬ್ರೂಯೆ’ ಎಂದು ಕೇಳಿ: ಮಾಂಸ ಬೇಡ, ಕೊಬ್ಬು ಬೇಡ, ಮಾಂಸದ ಸಾರು ಬೇಡ.

2022ರಿಂದ ಈ ನಗರ ಬಿಸಾಡುವ ಲೋಟ, ತಟ್ಟೆಗಳ ಮೇಲೆ ತೆರಿಗೆ ಹಾಕಿದೆ. ಕಟ್ಟಿಸಿಕೊಂಡು ಹೋಗುವ ಕಾಫಿಗೆ ಐವತ್ತು ಸೆಂಟ್‌ನಷ್ಟು ಹೆಚ್ಚು ಕೇಳಿದರೆ ಅಂಗಡಿಯವರೊಂದಿಗೆ ವಾದಿಸಬೇಡಿ. ಸ್ವಂತ ಲೋಟ ಕೊಡಿ, ಸಂತೋಷದಿಂದ ತುಂಬಿಕೊಡುತ್ತಾರೆ. ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಮೊಸರು, ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ.

9. ಓದಲು ಬರುವವರಿಗೆ

ಜರ್ಮನಿಯಲ್ಲಿ ಶಿಕ್ಷಣ ಉಚಿತ ಎಂದು ನಂಬಿ ಬರುವವರು ಗಮನಿಸಬೇಕು. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ವಿಧಿಸಿದೆ, ವಿನಾಯಿತಿಗಳು ಬೆರಳೆಣಿಕೆಯವು. ಇದಲ್ಲದೆ ‘ಷ್ಪೆರ್‌ಕಾಂಟೊ’, ಅಂದರೆ ತಿಂಗಳಿಗೆ ಇಷ್ಟೇ ಎಂದು ಹಣ ಬಿಡುವ ಬಂಧಿತ ಖಾತೆಯಲ್ಲಿ ಒಂದು ವರ್ಷದ ಜೀವನ ವೆಚ್ಚವನ್ನು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋಗೆ ಏರಿತು. ಅರ್ಜಿ ಹಾಕುವ ವರ್ಷದ ಮೊತ್ತವನ್ನು ನೋಡಿಕೊಳ್ಳಿ. ಭಾರತೀಯ ಅಂಕಪಟ್ಟಿಗಳಿಗೆ ಎಪಿಎಸ್ ಎಂಬ ಪರಿಶೀಲನಾ ಪ್ರಮಾಣಪತ್ರವೂ ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಎಲ್ಲಕ್ಕಿಂತ ಕಷ್ಟದ್ದು ಮನೆ. ಪ್ರವೇಶ ಸಿಕ್ಕ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ, ಜೊತೆಗೆ ‘ವೇಗೇ’ ಎಂದು ಕರೆಯುವ ಹಂಚಿಕೊಂಡ ಮನೆಗಳಲ್ಲಿ ಕೋಣೆ ಹುಡುಕಿ. ಬಾಡಿಗೆಗೆ ಬಂದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆಯೊಡೆಯರ ಸಹಿಯಿರುವ ಪತ್ರ ಬೇಕು. ಆ ಪತ್ರ ಕೊಡಲು ಹಿಂಜರಿಯುವವರ ಕೋಣೆ ಬೇಡ. ಕೀಲಿ ಅಂಚೆಯಲ್ಲಿ ಕಳುಹಿಸುತ್ತೇನೆ, ಮೊದಲು ಮುಂಗಡ ಕಳುಹಿಸಿ ಎನ್ನುವವರಿಗೆ ಬೆಂಗಳೂರಿನಲ್ಲಿ ಕುಳಿತು ಒಂದು ಯೂರೋವನ್ನೂ ಕಳುಹಿಸಬೇಡಿ. ಮೊದಲ ಎರಡು ವಾರಕ್ಕೆ ಹತ್ತಿರದ ರಾಯ್ಟ್‌ಲಿಂಗನ್‌ನಲ್ಲೋ ರೊಟೆನ್‌ಬುರ್ಗ್‌ನಲ್ಲೋ ತಾತ್ಕಾಲಿಕ ವಸತಿ ಹಿಡಿದು, ರೈಲಿನಲ್ಲಿ ಓಡಾಡಿ, ಕೋಣೆಯನ್ನು ಕಣ್ಣಾರೆ ನೋಡಿ ಒಪ್ಪಿಕೊಳ್ಳಿ.